ಹಳೇ ಯೆಜ್ಡಿ, ಒಂದು ತಾಮ್ರದ ಬಳೆ ಮತ್ತು ನಮ್ಮ ಮೆಟೀರಿಯಲ್ ಸೈನ್ಸ್ ಸಿಲಬಸ್

ಅನೀಲಿಂಗ್ ಅಂದ್ರೇನು, ಅದರ ಮೂರು ಹಂತಗಳು ಯಾವುವು? ಮೆಕ್ಯಾನಿಕಲ್ ಬ್ರ್ಯಾಂಚಿನವರು ಇದಕ್ಕೆ ನಿದ್ದೆಗಣ್ಣಲ್ಲೂ ಉತ್ತರ ಬರೀತಾರೆ: ರಿಕವರಿ, ರಿಕ್ರಿಸ್ಟಲೈಸೇಶನ್, ಗ್ರೇನ್ ಗ್ರೋತ್. ಐದು ಮಾರ್ಕ್ಸ್ ಬಂತು, ಪುಸ್ತಕ ಮುಚ್ಚಿದ್ವಿ. ಆದರೆ ಇದೇ ಐದು ಮಾರ್ಕ್ಸಿನ ಉತ್ತರ ಸರಿಯಾಗಿ ಗೊತ್ತಿದ್ರೆ ನಲವತ್ತು ವರ್ಷ ಹಳೇ ಬೈಕೊಂದು ಓಡುತ್ತೆ, ಗೊತ್ತಿಲ್ಲದಿದ್ರೆ ಅದರ ಸಿಲಿಂಡರ್ ಹೆಡ್ ಶಾಶ್ವತವಾಗಿ ಹಾಳಾಗುತ್ತೆ. ಈ ಲೇಖನ ಆ ಜಾಗದ ಬಗ್ಗೆ. ಜಾಗ ಅಂದ್ರೆ ತುಂಬಾ ಚಿಕ್ಕದು, ಹೆಡ್ಡು ಮತ್ತು ಬ್ಯಾರಲ್ ನಡುವೆ ಒಂದು ಮಿಲಿಮೀಟರೂ ಇರಲ್ಲ.

ಉದಾಹರಣೆಗೆ ನಾನು ತಗೊಳ್ತಿರೋದು ಮೈಸೂರಿನ ಎಂಜಿನ್ನು. ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾದಿಂದ ಲೈಸೆನ್ಸ್ ತಗೊಂಡು 1961ರಿಂದ ಮೈಸೂರಿನಲ್ಲಿ ಬೈಕ್ ತಯಾರಿಸೋಕೆ ಶುರು ಮಾಡ್ತು. ಮೊದಲು ಜಾವಾ ಅಂತಲೇ ಹೆಸರು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಆಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಎಲ್ಲ ನಿಂತೇಹೋಯ್ತು. ಈಗ ಶೋರೂಮಿನಲ್ಲಿ ಸಿಗೋ ಜಾವಾ, ಯೆಜ್ಡಿಗಳು ಹೆಸರಿಗೆ ಮಾತ್ರ ಅವೇ. ಅವು ಲಿಕ್ವಿಡ್ ಕೂಲ್ಡ್ ಫೋರ್ ಸ್ಟ್ರೋಕ್, ಇದು ಗಾಳಿಯಲ್ಲಿ ತಣ್ಣಗಾಗೋ ಟೂ ಸ್ಟ್ರೋಕ್. ಒಂದರ ಹೆಡ್ಡು ಇನ್ನೊಂದಕ್ಕೆ ಕೂರೋ ಮಾತೇ ಇಲ್ಲ. ಹಾಗಾಗಿ ಹಳೇ ಹೆಡ್ಡನ್ನ ಕೆಡಿಸಿಕೊಂಡ್ರೆ ಮುಂದಿನ ದಾರಿ ಗುಜರಿ ಅಂಗಡಿ, ಇಲ್ಲಾ ಅದೃಷ್ಟ.

ಟೂ ಸ್ಟ್ರೋಕ್ ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ. ಕಾರಿನ ಹೆಡ್ ಗ್ಯಾಸ್ಕೆಟ್ ಮೂರು ಕೆಲಸ ಮಾಡ್ಬೇಕು: ಬೆಂಕಿ ತಡೀಬೇಕು, ಆಯಿಲ್ ತಡೀಬೇಕು, ಕೂಲೆಂಟ್ ತಡೀಬೇಕು. ಯೆಜ್ಡಿಯಲ್ಲಿ ಹೆಡ್ ಅಂದ್ರೆ ಅಲ್ಯೂಮಿನಿಯಂ ಅಲಾಯ್‌ನ ಫಿನ್ ಇರೋ ಒಂದು ಮುಚ್ಚಳ, ಅಷ್ಟೇ. ವಾಲ್ವ್ ಇಲ್ಲ, ನೀರಿಲ್ಲ, ಆಯಿಲ್ ದಾರಿ ಇಲ್ಲ. ಗ್ಯಾಸ್ಕೆಟ್ಟಿಗೆ ಒಂದೇ ಕೆಲಸ, ಸಿಲಿಂಡರಿನೊಳಗಿನ ಗ್ಯಾಸನ್ನ ಹೊರಗೆ ಬಿಡಬಾರದು. ಕಲಿಯೋಕೆ ಇದಕ್ಕಿಂತ ಸರಳವಾದ ಕೇಸ್ ಸಿಗಲ್ಲ.

ಲೆಕ್ಕದಿಂದ ಶುರು ಮಾಡೋಣ. ಈ ಎಂಜಿನ್ನಿನ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಬೋರಿನ ವಿಸ್ತೀರ್ಣ 3,318 ಚದರ ಮಿಲಿಮೀಟರ್ ಬರುತ್ತೆ. ಉರಿಯುವಾಗ ಗರಿಷ್ಠ ಒತ್ತಡ 30 ಬಾರ್, ಅಂದ್ರೆ 3 ಮೆಗಾಪಾಸ್ಕಲ್ ಅಂತ ಅಂದಾಜು ಹಿಡಿದ್ರೆ ಹೆಡ್ಡನ್ನ ಮೇಲಕ್ಕೆ ತಳ್ಳೋ ಬಲ ಸುಮಾರು 9,950 ನ್ಯೂಟನ್. ಒಂದು ಟನ್ ತೂಕ ಅಂದ್ಕೊಳ್ಳಿ. ಟೂ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತೆ. 4,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 67 ಸಲ ಒಂದು ಟನ್ ಹೊಡೆತ. ನೀವು ಆರಾಮಾಗಿ ಡುಗುಡುಗು ಅಂತ ಹೋಗ್ತಿರುವಾಗ ಕಾಲ ಮಧ್ಯೆ ನಡೀತಿರೋದು ಇದು.

ಇದನ್ನ ತಡೆಯೋದು ನಾಲ್ಕು ಸ್ಟಡ್ ಮತ್ತು ನಟ್. ಸ್ಟಡ್ಡಿನ ವ್ಯಾಸ 8 ಮಿಲಿಮೀಟರ್, ಟಾರ್ಕ್ 20 ನ್ಯೂಟನ್ ಮೀಟರ್ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಇದು ಲೆಕ್ಕಕ್ಕೆ ಮಾತ್ರ, ನಿಮ್ಮ ಬೈಕಿಗೆ ಅದರ ಮ್ಯಾನ್ಯುಯಲ್ಲಿನ ಅಂಕಿಯನ್ನೇ ನೋಡಿ. ಮಷೀನ್ ಡಿಸೈನ್ ಸೂತ್ರ ಏನು ಹೇಳುತ್ತೆ? ಟಾರ್ಕನ್ನ ಸ್ಟಡ್ ವ್ಯಾಸದಿಂದಲೂ ನಟ್ ಫ್ಯಾಕ್ಟರ್ ಅನ್ನೋ ಒಂದು ಸ್ಥಿರಾಂಕದಿಂದಲೂ ಭಾಗಿಸಿದ್ರೆ ಸ್ಟಡ್ಡಿನೊಳಗಿನ ಎಳೆತ ಸಿಗುತ್ತೆ. ಒಣ ಥ್ರೆಡ್ಡಿಗೆ ನಟ್ ಫ್ಯಾಕ್ಟರ್ 0.2. ಉತ್ತರ 12,500 ನ್ಯೂಟನ್. ನಾಲ್ಕು ಸ್ಟಡ್ ಸೇರಿ 50,000.

ಈಗ ಪ್ರಶ್ನೆ. ತಳ್ಳೋದು ಹತ್ತು ಸಾವಿರ, ಒತ್ತಿಹಿಡಿಯೋದು ಐವತ್ತು ಸಾವಿರ. ಐದು ಪಟ್ಟು ಇದೆ. ಮತ್ತೆ ಲೀಕ್ ಯಾಕೆ ಆಗುತ್ತೆ?

ಬಹಳ ಜನ ಇಲ್ಲಿ ಎಡವೋದು. ಲೀಕ್ ಆಯ್ತಾ, ನಟ್ ಇನ್ನೂ ಟೈಟ್ ಮಾಡು ಅಂತಾರೆ. ಆದರೆ ಬಲ ಕಡಿಮೆ ಆಗಿದ್ದಕ್ಕೆ ಲೀಕ್ ಆಗಿದ್ದಲ್ಲ. ಎರಡು ಲೋಹದ ಮುಖಗಳನ್ನ ಎಷ್ಟೇ ನುಣುಪು ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಅವು ನಮ್ಮ ಪಶ್ಚಿಮ ಘಟ್ಟ ಇದ್ದ ಹಾಗೆ. ಬೆಟ್ಟ ಬೆಟ್ಟಕ್ಕೆ ತಾಗುತ್ತೆ, ಕಣಿವೆಗಳು ಖಾಲಿ ಇರುತ್ತೆ, ಗ್ಯಾಸ್ ಕಣಿವೆಯಲ್ಲಿ ನುಸುಳುತ್ತೆ. ಸೀಲ್ ಮಾಡೋದು ಅಂದ್ರೆ ಆ ಕಣಿವೆಗಳನ್ನ ತುಂಬೋದು. ತುಂಬಬೇಕು ಅಂದ್ರೆ ಮಧ್ಯದಲ್ಲಿ ಇರೋ ವಸ್ತು ಹರೀಬೇಕು. ಲೋಹ ಹರಿಯೋದು ಯೀಲ್ಡ್ ಆದಾಗ.

ಗ್ಯಾಸ್ಕೆಟ್ಟಿನ ತಾಗುವ ಭಾಗ ಒಳಗೆ 66, ಹೊರಗೆ 76 ಮಿಲಿಮೀಟರ್ ವ್ಯಾಸದ ಬಳೆ ಅಂತ ಇಟ್ಕೊಂಡ್ರೆ ವಿಸ್ತೀರ್ಣ ಸುಮಾರು 1,115 ಚದರ ಮಿಲಿಮೀಟರ್. 50,000 ನ್ಯೂಟನ್ನನ್ನ ಅದರಿಂದ ಭಾಗಿಸಿ: 45 ಮೆಗಾಪಾಸ್ಕಲ್. ಅನೀಲ್ ಮಾಡಿದ ಮೆದು ತಾಮ್ರದ ಯೀಲ್ಡ್ ಸ್ಟ್ರೆಂತ್ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿದೆ. ಅಂದ್ರೆ ನಟ್ ಟೈಟ್ ಮಾಡುವಾಗಲೇ ತಾಮ್ರ ಒಂಚೂರು ಹರಿದು ಗೀರುಗಳೊಳಗೆ ಕೂರುತ್ತೆ. ಅದೇ ತಾಮ್ರ ಗಟ್ಟಿಯಾಗಿದ್ರೆ ಯೀಲ್ಡ್ 300 ಮೆಗಾಪಾಸ್ಕಲ್ ಸುತ್ತಮುತ್ತ ಇರುತ್ತೆ. 45 ಎಲ್ಲಿ, 300 ಎಲ್ಲಿ! ಗಟ್ಟಿ ತಾಮ್ರ ಕಲ್ಲಿನ ಹಾಗೆ ಕೂತಿರುತ್ತೆ, ಕಣಿವೆ ಖಾಲಿಯಾಗೇ ಉಳಿಯುತ್ತೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಒಂದೇ ಒಂದು ಅಂಕಿ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ತಾಮ್ರ ಗಟ್ಟಿಯಾಗೋದು ಹೇಗೆ? ನಾವೇ ಮಾಡ್ತೀವಿ. ಮೊದಲ ಸಲ ಟೈಟ್ ಮಾಡಿದಾಗ ಅದು ಹರೀತಲ್ಲ, ಆಗ ಅದರೊಳಗಿನ ಡಿಸ್‌ಲೊಕೇಶನ್‌ಗಳು ಲಕ್ಷಗಟ್ಟಲೆ ಹೆಚ್ಚಾಗುತ್ತವೆ, ಒಂದಕ್ಕೊಂದು ಸಿಕ್ಕಿಹಾಕಿಕೊಳ್ತವೆ. ಬೆಳಗ್ಗೆ ಒಂಬತ್ತು ಗಂಟೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಹೇಗಿರುತ್ತೋ ಹಾಗೆ, ಯಾರೂ ಮುಂದೆ ಹೋಗೋ ಹಾಗಿಲ್ಲ. ಪುಸ್ತಕದಲ್ಲಿ ಇದರ ಹೆಸರು ವರ್ಕ್ ಹಾರ್ಡನಿಂಗ್. ಅದಕ್ಕೇ ಒಮ್ಮೆ ಬಿಚ್ಚಿದ ತಾಮ್ರದ ಗ್ಯಾಸ್ಕೆಟ್ಟನ್ನ ಹಾಗೇ ವಾಪಸ್ ಹಾಕಿದ್ರೆ ಸೀಲ್ ಆಗಲ್ಲ. ನೋಡೋಕೆ ಏನೂ ಆಗಿರಲ್ಲ, ಮುರಿದಿರಲ್ಲ, ಸವೆದಿರಲ್ಲ. ಒಳಗೆ ಟ್ರಾಫಿಕ್ ಜಾಮ್ ಆಗಿರುತ್ತೆ, ಅಷ್ಟೇ.

ಬಿಡಿಸೋಕೆ ಕಾಯಿಸ್ಬೇಕು. ನಮ್ಮೂರ ಕಡೆ ತಾಮ್ರದ ಹಂಡೆ, ಬಿಂದಿಗೆ ಬಡಿಯುವವರು ಇದನ್ನ ಯಾವ ಕಾಲದಿಂದಲೋ ಮಾಡ್ತಾ ಬಂದಿದ್ದಾರೆ. ಸ್ವಲ್ಪ ಬಡಿಯೋದು, ಕಾಯಿಸೋದು, ಮತ್ತೆ ಬಡಿಯೋದು. ಮಧ್ಯೆ ಕಾಯಿಸದೆ ಬಡೀತಾ ಹೋದ್ರೆ ತಗಡು ಸೀಳುತ್ತೆ ಅಂತ ಅವರಿಗೆ ಗೊತ್ತು. ಡಿಸ್‌ಲೊಕೇಶನ್ ಅನ್ನೋ ಪದ ಅವರಿಗೆ ಬೇಕಾಗಿಲ್ಲ.

ಮಾಡೋ ಕ್ರಮ ಹೀಗೆ. ಬಳೆಯನ್ನ ಚೆನ್ನಾಗಿ ಒರೆಸಿ ಒಂದು ಇಟ್ಟಿಗೆ ಮೇಲೆ ಇಡಿ. ಎಲ್‌ಪಿಜಿ ಟಾರ್ಚಿನಿಂದ ಸುತ್ತಲೂ ಸಮವಾಗಿ ಜ್ವಾಲೆ ಆಡಿಸ್ತಾ ಕಾಯಿಸಿ, ಒಂದೇ ಕಡೆ ಹಿಡೀಬೇಡಿ. ಈ ಕೆಲಸ ಸ್ವಲ್ಪ ಕತ್ತಲೆ ಇರೋ ಕಡೆ ಮಾಡ್ಬೇಕು, ಯಾಕಂದ್ರೆ ನಮಗೆ ಬೇಕಾಗಿರೋದು ಮಂಕು ಕೆಂಪು. ಕತ್ತಲಲ್ಲಿ ಮಾತ್ರ ಕಾಣುವಷ್ಟು ಕೆಂಪು, ಸುಮಾರು 600 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ನಿಂತು ಕೆಂಪು ಕಾಣೋವರೆಗೆ ಕಾಯಿಸಿದ್ರೆ ಆಗಲೇ ತುಂಬಾ ಮೇಲೆ ಹೋಗಿರ್ತೀರಿ. ತಾಮ್ರ ಕರಗೋದು 1,085 ಡಿಗ್ರಿಗೆ, ಹಾಗಾಗಿ ಕರಗೋ ಭಯ ಇಲ್ಲ. ಆದರೆ ಮೂರನೇ ಹಂತ ನೆನಪಿದೆಯಲ್ಲ, ಗ್ರೇನ್ ಗ್ರೋತ್? ಜಾಸ್ತಿ ಕಾಯಿಸಿದ್ರೆ ಕಣಗಳು ದೊಡ್ಡದಾಗಿ ಬೆಳೆದು ಲೋಹ ಒರಟಾಗುತ್ತೆ. ರಿಕ್ರಿಸ್ಟಲೈಸೇಶನ್ ಮುಗಿದ ಕೂಡಲೇ ನಿಲ್ಲಿಸೋದು ಜಾಣತನ. ಬಳೆ ಪೂರ್ತಿ ಒಂದು ಸಲ ಮಂಕು ಕೆಂಪು ಕಂಡ್ರೆ ಸಾಕು.

ಆಮೇಲೆ ಸೀದಾ ನೀರಿಗೆ ಹಾಕಬಹುದು. ಇಲ್ಲಿ ಕ್ಲಾಸಿನಲ್ಲಿ ಅರ್ಧ ಜನ ಕೈ ಎತ್ತುತ್ತಾರೆ: ನೀರಿಗೆ ಹಾಕಿದ್ರೆ ಗಟ್ಟಿ ಆಗಲ್ವಾ? ಉಕ್ಕು ಆಗುತ್ತೆ, ತಾಮ್ರ ಆಗಲ್ಲ. ಉಕ್ಕಿನಲ್ಲಿ ಕಾದಾಗ ಆಸ್ಟಿನೈಟ್ ಅನ್ನೋ ಬೇರೆ ರಚನೆ ಇರುತ್ತೆ, ಥಟ್ಟನೆ ತಣ್ಣಗಾದ್ರೆ ಕಾರ್ಬನ್ ಹೊರಬರೋಕೆ ಟೈಮ್ ಸಿಗದೆ ಮಾರ್ಟೆನ್‌ಸೈಟ್ ಆಗುತ್ತೆ, ಗಟ್ಟಿಯಾಗೋದು ಅದರಿಂದ. ತಾಮ್ರಕ್ಕೆ ಕೋಣೆಯ ಉಷ್ಣತೆಯಿಂದ ಕರಗೋವರೆಗೂ ಒಂದೇ ರಚನೆ, ಫೇಸ್ ಸೆಂಟರ್ಡ್ ಕ್ಯೂಬಿಕ್. ಬದಲಾಗೋಕೆ ಏನೂ ಇಲ್ಲ, ಹಾಗಾಗಿ ನಿಧಾನಕ್ಕೆ ತಣ್ಣಗಾದ್ರೂ ಒಂದೇ, ಬೇಗ ಆದ್ರೂ ಒಂದೇ. ನೀರಿನಿಂದ ಒಂದು ಲಾಭ ಉಂಟು, ಮೇಲಿನ ಕಪ್ಪು ಆಕ್ಸೈಡ್ ಪದರ ಸಿಡಿದು ಬಿದ್ದುಹೋಗುತ್ತೆ. ಉಳಿದದ್ದಕ್ಕೆ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಅಜ್ಜಿ ಚೊಂಬು ತೊಳೆಯೋ ಹಾಗೆ. ಟಾರ್ಟಾರಿಕ್ ಆಮ್ಲ ಆಕ್ಸೈಡನ್ನ ತೆಗೆಯುತ್ತೆ. ಸ್ಯಾಂಡ್ ಪೇಪರ್ ಹಾಕಿ ಗೀರಬೇಡಿ.

ಸರಿಯಾಗಿ ಮೆದುವಾಗಿದ್ರೆ ಬಳೆಯನ್ನ ಎರಡು ಬೆರಳಲ್ಲಿ ಹಿಡಿದಾಗ ಲೊಳಕ್ ಅಂತ ಬಾಗುತ್ತೆ, ತಟ್ಟಿದ್ರೆ ಟಿಣ್ ಅನ್ನಲ್ಲ, ಮಂಕಾದ ಸದ್ದು. ಈ ಸದ್ದಿನ ವ್ಯತ್ಯಾಸ ಒಮ್ಮೆ ಕೇಳಿದ್ರೆ ಮರೆಯಲ್ಲ. ಈಗ ಅದನ್ನ ಬಾಗಿಸಿ ಆಟ ಆಡಿದ್ರೆ ಮತ್ತೆ ಗಟ್ಟಿಯಾಗುತ್ತೆ, ಹಾಗಾಗಿ ಚಪ್ಪಟೆಯಾಗಿ ಇಟ್ಟುಬಿಡಿ.

ಮಾರ್ಕೆಟ್‌ನಲ್ಲಿ ಅಲ್ಯೂಮಿನಿಯಂ ಬಳೆಯೂ ಸಿಗುತ್ತೆ. ಅದೂ ಒಳ್ಳೇದೇ, ಆದರೆ ಅದಕ್ಕೆ ಈ ಕೆಂಪು ಬಣ್ಣದ ಪಾಠ ಹಾಕಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಕೆಂಪಾಗಿ ಎಚ್ಚರಿಕೆ ಕೊಡೋ ಅಭ್ಯಾಸ ಅದಕ್ಕಿಲ್ಲ. ನೋಡ್ತಾ ನೋಡ್ತಾ ಕೈಯಲ್ಲಿ ಹನಿಯಾಗಿ ಬೀಳುತ್ತೆ. ಹಳೇ ಉಪಾಯ ಅಂದ್ರೆ ಬಟ್ಟೆ ಸೋಪಿನಲ್ಲಿ ಅದರ ಮೇಲೆ ಗೆರೆ ಎಳೆದು ಹಿಂದಿನಿಂದ ಕಾಯಿಸೋದು. ಗೆರೆ ಕಪ್ಪಾದ ತಕ್ಷಣ ಜ್ವಾಲೆ ತೆಗೀಬೇಕು. ನಾನಾದ್ರೆ ಅಲ್ಯೂಮಿನಿಯಂ ಬಳೆಯನ್ನ ಒಮ್ಮೆ ಉಪಯೋಗಿಸಿ ಬಿಸಾಡ್ತೀನಿ, ತಾಮ್ರವನ್ನ ಇಟ್ಕೊಳ್ತೀನಿ.

ಬಳೆ ಮೆದು ಮಾಡಿದ್ರೆ ಅರ್ಧ ಕೆಲಸ. ಇನ್ನರ್ಧ ಮುಖಗಳದ್ದು. ಹೆಡ್ ಅಲ್ಯೂಮಿನಿಯಂ, ಬ್ಯಾರಲ್ ಎರಕದ ಕಬ್ಬಿಣ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತೆ, ಎರಕದ ಕಬ್ಬಿಣ 11. ನೂರು ಮಿಲಿಮೀಟರ್ ಅಗಲದಲ್ಲಿ 150 ಡಿಗ್ರಿ ಏರಿದ್ರೆ ಒಂದು 0.34 ಮಿಲಿಮೀಟರ್ ಬೆಳೆಯುತ್ತೆ, ಇನ್ನೊಂದು 0.16. ಹತ್ತಿರ ಹತ್ತಿರ 0.2 ಮಿಲಿಮೀಟರ್ ವ್ಯತ್ಯಾಸ. ಪ್ರತಿ ಸಲ ಎಂಜಿನ್ ಕಾದು ತಣ್ಣಗಾದಾಗ ಹೆಡ್ ಬ್ಯಾರಲ್ಲಿನ ಮೇಲೆ ಅಷ್ಟು ಜಾರಿ ವಾಪಸ್ ಬರೋಕೆ ನೋಡುತ್ತೆ. ನಲವತ್ತು ವರ್ಷದಲ್ಲಿ ಎಷ್ಟು ಸಲ ಆಗಿರ್ಬೇಡ! ಜೊತೆಗೆ ಯಾರೋ ಒಂದು ಕಡೆಯ ನಟ್ ಮಾತ್ರ ಜಾಸ್ತಿ ಟೈಟ್ ಮಾಡಿರ್ತಾರೆ, ಹೆಡ್ ಸೊಟ್ಟಗಾಗಿರುತ್ತೆ.

ಸೊಟ್ಟ ಕಂಡುಹಿಡಿಯೋಕೆ ದೊಡ್ಡ ಮಷೀನ್ ಬೇಡ. ಸ್ಟೀಲ್ ಸ್ಟ್ರೇಟ್ ಎಡ್ಜನ್ನ ಮುಖದ ಮೇಲೆ ಅಡ್ಡ, ಉದ್ದ, ಎರಡೂ ಕರ್ಣದಲ್ಲಿ ಇಟ್ಟು ಕೆಳಗೆ 0.05 ಮಿಲಿಮೀಟರ್ ಫೀಲರ್ ಗೇಜ್ ನುಸುಳುತ್ತಾ ನೋಡಿ. ನುಸುಳಿದ್ರೆ ಲ್ಯಾಪ್ ಮಾಡ್ಬೇಕು. ಅಂಗಡಿಯಿಂದ ದಪ್ಪ ಫ್ಲೋಟ್ ಗ್ಲಾಸಿನ ತುಂಡು ತನ್ನಿ, ಫ್ಲೋಟ್ ಗ್ಲಾಸ್ ನಮ್ಮ ಬಜೆಟ್ಟಿನ ಸರ್ಫೇಸ್ ಪ್ಲೇಟ್. ಅದರ ಮೇಲೆ ವೆಟ್ ಪೇಪರ್ ಅಂಟಿಸಿ, ಹೆಡ್ಡಿನ ಮುಖಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ಎಂಟರ ಆಕಾರದಲ್ಲಿ ಉಜ್ಜಿ. ಒತ್ತಬೇಡಿ, ಹೆಡ್ಡಿನ ಭಾರವೇ ಸಾಕು. ಪ್ರತಿ ಇಪ್ಪತ್ತು ಸುತ್ತಿಗೆ ಹೆಡ್ಡನ್ನ ಕಾಲು ತಿರುವು ತಿರುಗಿಸಿ, ಇಲ್ಲಾಂದ್ರೆ ಕೈ ಒಲವು ಒಂದೇ ಕಡೆ ಬೀಳುತ್ತೆ. ಎಲ್ಲಾ ಗೆರೆ ಅಳಿದ್ರೆ ಮುಖ ಸಮ ಆಗಿದೆ ಅಂತ. 240ರಿಂದ ಶುರು ಮಾಡಿ 600ರ ಪೇಪರಿಗೆ ನಿಲ್ಲಿಸಿ. ಕನ್ನಡಿ ಹಾಗೆ ಹೊಳೆಯಬೇಕಿಲ್ಲ.

ಎಷ್ಟು ಉಜ್ಜಬಹುದು ಅನ್ನೋದಕ್ಕೂ ಲೆಕ್ಕ ಇದೆ. ಬೋರ್ ವಿಸ್ತೀರ್ಣ 33.2 ಚದರ ಸೆಂಟಿಮೀಟರ್, ಹಾಗಾಗಿ ಎತ್ತರದಲ್ಲಿ ಅರ್ಧ ಮಿಲಿಮೀಟರ್ ಬದಲಾದ್ರೆ 1.66 ಸಿಸಿ ಬದಲಾಗುತ್ತೆ. ಕಂಪ್ರೆಷನ್ ರೇಶಿಯೋ 8 ಇದೆ ಅಂದ್ಕೊಂಡ್ರೆ ದಹನ ಕೋಣೆ ಸುಮಾರು 35.6 ಸಿಸಿ. ಅರ್ಧ ಮಿಲಿಮೀಟರ್ ದಪ್ಪ ಬಳೆ ಹೆಚ್ಚಿಗೆ ಹಾಕಿದ್ರೆ ರೇಶಿಯೋ 7.7ಕ್ಕೆ ಇಳಿಯುತ್ತೆ, ಬೈಕು ಮಂಕಾಗುತ್ತೆ. ಅರ್ಧ ಮಿಲಿಮೀಟರ್ ಉಜ್ಜಿ ತೆಗೆದ್ರೆ 8.3ಕ್ಕೆ ಏರುತ್ತೆ, ನಾಕಿಂಗ್ ಹತ್ತಿರ ಹೋಗ್ತೀರಿ. ನಾವು ತೆಗೆಯೋದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಇರ್ಬೇಕು, ಅಷ್ಟಕ್ಕೆ ಸಮ ಆಗದಿದ್ರೆ ಮಷೀನ್ ಶಾಪಿಗೆ ಒಯ್ಯಿರಿ.

ಸಿಲಿಕೋನ್ ಪೇಸ್ಟ್ ಬಗ್ಗೆ ಎರಡು ಮಾತು ಹೇಳದಿದ್ರೆ ನನಗೆ ಸಮಾಧಾನ ಆಗಲ್ಲ. ನಮ್ಮ ಮಾವನ ರೋಡ್‌ಕಿಂಗನ್ನ ಒಂದು ಗ್ಯಾರೇಜಿನಲ್ಲಿ ಹೆಡ್ ಲೀಕಿಗೆ ಅಂತ ಬಿಟ್ಟಿದ್ರು. ಅಲ್ಲಿ ಹಳೇ ಬಳೆಗೆ ಎರಡೂ ಕಡೆ ಬೂದು ಪೇಸ್ಟ್ ಬಳಿದು ಕೊಟ್ಟರು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಫುಸ್ ಫುಸ್ ಶುರು, ಬಿಚ್ಚಿ ನೋಡಿದ್ರೆ ಪೇಸ್ಟ್ ಸುಟ್ಟು ಪುಡಿ ಆಗಿತ್ತು, ಹೆಡ್ಡಿನ ಮುಖದಲ್ಲಿ ಉಗುರು ತಾಗುವಷ್ಟು ಗೀರು. ಸಿಲಿಕೋನ್ ಕ್ರ್ಯಾಂಕ್‌ಕೇಸಿನ ಜಾಯಿಂಟಿಗೆ ಓಕೆ, ಅಲ್ಲಿ ಬೆಂಕಿ ಇಲ್ಲ. ಇಲ್ಲಿ ಉರಿಯೋ ಗ್ಯಾಸ್ ನೇರ ತಾಗುತ್ತೆ. ಲೀಕ್ ಆಗೋ ಬಿಸಿ ಗ್ಯಾಸ್ ಸುಮ್ಮನೆ ಹೋಗಲ್ಲ, ಹೋಗ್ತಾ ಹೋಗ್ತಾ ಮೆದು ಅಲ್ಯೂಮಿನಿಯಂನಲ್ಲಿ ಕಾಲುವೆ ಕೊರೆಯುತ್ತೆ. ಕಾಲುವೆ ದೊಡ್ಡದಾದಷ್ಟೂ ಇನ್ನೂ ಜಾಸ್ತಿ ಗ್ಯಾಸ್. ಮುಂದೆ ವೆಲ್ಡ್ ಮಾಡಿಸಿ ಮಷೀನ್ ಮಾಡಿಸ್ಬೇಕು, ಇಲ್ಲಾ ಬೇರೆ ಹೆಡ್ ಹುಡುಕ್ಬೇಕು. ಮಾವನದ್ದು ಲ್ಯಾಪ್ ಮಾಡಿ ಉಳೀತು. ಏನಾದ್ರೂ ಹಚ್ಚಲೇಬೇಕು ಅಂದ್ರೆ ತಾಮ್ರದ ಪುಡಿ ಇರೋ ಸ್ಪ್ರೇ ಸಿಗುತ್ತೆ, ತೆಳ್ಳಗೆ ಒಂದು ಕೋಟ್.

ಜೋಡಿಸುವಾಗ ಬಳೆಯ ಒಳ ಅಂಚು ಬೋರಿನೊಳಗೆ ಚಾಚಿಕೊಂಡಿದೆಯಾ ನೋಡಿ. ನೀವೇ ಶೀಟಿನಿಂದ ಕತ್ತರಿಸಿದ್ದಾದ್ರೆ ಇದು ಮುಖ್ಯ. ಚಾಚಿದ ತೆಳ್ಳನೆ ಅಂಚು ಕೆಂಪಗೆ ಕಾದು ಸ್ಪಾರ್ಕ್ ಬರೋ ಮೊದಲೇ ಮಿಕ್ಸ್ಚರಿಗೆ ಬೆಂಕಿ ಹಚ್ಚುತ್ತೆ. ಬೋರಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ದೊಡ್ಡ ತೂತು ಇರಲಿ, ಅಂಚಿನ ಬರ್ ತೆಗೆದಿರಲಿ.

ನಟ್‌ಗಳನ್ನ ಕೈಯಲ್ಲಿ ಕೂರಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಮೂರು ಹಂತವಾಗಿ ಟಾರ್ಕ್ ರೆಂಚ್ ಹಾಕಿ: ಮೂರನೇ ಒಂದು, ಮೂರನೇ ಎರಡು, ಪೂರ್ತಿ. ಥ್ರೆಡ್ಡಿಗೆ ಆಯಿಲ್ ಹಚ್ಚೋದಾ ಬೇಡವಾ? ಇದು ಸಣ್ಣ ವಿಷಯ ಅಲ್ಲ. ಆಯಿಲ್ ಹಚ್ಚಿದ್ರೆ ನಟ್ ಫ್ಯಾಕ್ಟರ್ 0.2ರಿಂದ 0.15ರ ಹತ್ತಿರ ಇಳಿಯುತ್ತೆ, ಅದೇ 20 ನ್ಯೂಟನ್ ಮೀಟರಿಗೆ ಸ್ಟಡ್ಡಿನ ಎಳೆತ 12,500ರಿಂದ 16,700ಕ್ಕೆ ಹಾರುತ್ತೆ. 8 ಮಿಲಿಮೀಟರ್ ಥ್ರೆಡ್ಡಿನ ಪರಿಣಾಮಕಾರಿ ವಿಸ್ತೀರ್ಣ 36.6 ಚದರ ಮಿಲಿಮೀಟರ್, ಅಂದ್ರೆ ಸ್ಟ್ರೆಸ್ 340ರಿಂದ 455 ಮೆಗಾಪಾಸ್ಕಲ್. 8.8 ದರ್ಜೆಯ ಸ್ಟಡ್ 640ರವರೆಗೆ ತಡೆಯುತ್ತೆ. ಆದರೆ ಯಾರೋ ಲೇತಿನಲ್ಲಿ ಮೈಲ್ಡ್ ಸ್ಟೀಲ್ ರಾಡಿನಿಂದ ಮಾಡಿಕೊಟ್ಟ ಸ್ಟಡ್ಡಾದ್ರೆ 240ಕ್ಕೇ ಯೀಲ್ಡ್. ಅದು ಆಯಿಲ್ ಇದ್ರೂ ಇಲ್ಲದಿದ್ರೂ ಉದ್ದ ಆಗುತ್ತೆ, ರೆಂಚಿಗೆ ಏನೂ ಗೊತ್ತಾಗಲ್ಲ. ಹಳೇ ಬೈಕಿನಲ್ಲಿ ಸ್ಟಡ್ಡಿನ ಜಾತಕ ಯಾರಿಗೂ ಗೊತ್ತಿರಲ್ಲ, ಅದಕ್ಕೇ ಅನುಮಾನ ಬಂದ್ರೆ ಮೊದಲು ಸ್ಟಡ್ ಬದಲಾಯಿಸಿ. ಮ್ಯಾನ್ಯುಯಲ್ ಒಣ ಥ್ರೆಡ್ ಅಂದಿದ್ರೆ ಒಣ, ಆಯಿಲ್ ಅಂದಿದ್ರೆ ಆಯಿಲ್. ಮಿಕ್ಸ್ ಮಾಡಬೇಡಿ.

ಸ್ಟಾರ್ಟ್ ಮಾಡೋ ಮೊದಲು ಇಗ್ನಿಷನ್ ಆಫ್ ಇಟ್ಟು, ಜಾಯಿಂಟಿನ ಸುತ್ತ ಸೋಪಿನ ನೀರು ಹಚ್ಚಿ, ಮೆಲ್ಲಗೆ ಕಿಕ್ ಹೊಡೀರಿ. ಈ ಬೈಕಿನಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಗೊತ್ತಿಲ್ಲದವರು ಕಿಕ್ ಎಲ್ಲಿ ಅಂತ ಹುಡುಕ್ತಾ ನಿಲ್ತಾರೆ. ಗುಳ್ಳೆ ಬಂದ್ರೆ ಎಲ್ಲಿ ಬರ್ತಿದೆ ಅಂತ ನೋಡ್ಕೊಳ್ಳಿ, ಬರದಿದ್ರೆ ಒಂದು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ರಾತ್ರಿಯಿಡೀ ತಣ್ಣಗಾಗೋಕೆ ಬಿಡಿ. ಮೊದಲ ಬಿಸಿಯಲ್ಲಿ ಹೆಡ್ ಸ್ಟಡ್ಡಿಗಿಂತ ಜಾಸ್ತಿ ಹಿಗ್ಗಿ ಬಳೆಯನ್ನ ಇನ್ನಷ್ಟು ಒತ್ತಿರುತ್ತೆ, ತಾಮ್ರ ಇನ್ನೊಂಚೂರು ಹರಿದಿರುತ್ತೆ, ತಣ್ಣಗಾದಾಗ ಎಳೆತ ಸ್ವಲ್ಪ ಸಡಿಲ ಆಗಿರುತ್ತೆ. ಬೆಳಗ್ಗೆ ಅದೇ ಕ್ರಮದಲ್ಲಿ, ಅದೇ ಟಾರ್ಕಿಗೆ ಇನ್ನೊಮ್ಮೆ ರೆಂಚ್ ಹಾಕಿ. ಬಿಸಿ ಇರುವಾಗ ಮುಟ್ಟಬೇಡಿ, ಅಂಕಿ ಸುಳ್ಳು ಹೇಳುತ್ತೆ. ನೂರು ಕಿಲೋಮೀಟರ್ ಆದಮೇಲೆ ಫಿನ್‌ಗಳ ಮಧ್ಯೆ ಬಿಳಿ ಬಟ್ಟೆ ಹಾಕಿ ಒರೆಸಿ ನೋಡಿ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್ ಜೊತೆ ಆಯಿಲ್ಲೂ ಉರೀತಿರುತ್ತೆ, ಕೂದಲೆಳೆಯಷ್ಟು ಲೀಕ್ ಇದ್ರೂ ಬಟ್ಟೆ ಮೇಲೆ ಕಪ್ಪು ಜಿಡ್ಡು ಬರುತ್ತೆ.